ನೂರು ಮಕ್ಕಳಿಲ್ಲದ ಮಲೆನಾಡಿನ ಶಾಲೆಗೂ ಮಕ್ಕಳ ಮಾತು ಕೇಳೋರು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬರೋ ವಾರ ಎಲ್ಲಾ ಪತ್ರಿಕೆಲೂ ಮಕ್ಕಳ ಮನಸ್ಸಿನ ಬಗ್ಗೆ ಬರೀತಾರೆ. ಫೇಲಾದ್ರೆ ಎದೆಗುಂದಬೇಡಿ, ಪರೀಕ್ಷೆ-2 ಇದೆ, ಅಪ್ಪ ಅಮ್ಮ ಬೈಬೇಡಿ ಅಂತ. ಒಳ್ಳೇದೇ, ಬರೀಲೇಬೇಕು. ಆದ್ರೆ ಆ ವಾರ ಕಳೀತು ಅಂದ್ರೆ ಮುಂದಿನ ವರ್ಷದ ರಿಸಲ್ಟ್ ತನಕ ಆ ಮಾತು ಯಾರೂ ಎತ್ತಲ್ಲ. ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಲಿ ಅತಿಥಿ ಶಿಕ್ಷಕಿ, ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಮಕ್ಕಳ ಮನಸ್ಸಿನ ಕಷ್ಟ ಏಪ್ರಿಲ್ ಮೇ ತಿಂಗಳಿಗೆ ಕಾದು ಕೂತಿರಲ್ಲ, ಜೂನ್‌ನಲ್ಲಿ ಶಾಲೆ ಬಾಗಿಲು ತೆಗೆದ ದಿನದಿಂದಲೇ ಬೆಂಚಿನ ಮೇಲೆ ಕೂತಿರತ್ತೆ, ಅದನ್ನ ನೋಡ್ತಾ ಇರೋಳಾಗಿ ಈ ಪತ್ರ ಬರೀತಿದೀನಿ. ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡ್ಕೊಂಡು ಪ್ರಾಣ ಕಳ್ಕೊಂಡಿದಾರೆ. ಪರೀಕ್ಷೆಲಿ ಫೇಲಾಗಿದ್ದೇ ಕಾರಣ ಅಂತ ಬರೆದಿರೋದು 2,248. ಅದೇನೂ ಸಣ್ಣ ಸಂಖ್ಯೆ ಅಲ್ಲ, ಒಂದೊಂದೂ ಒಂದು ಮನೆಯ ಮಗು. ಆದ್ರೆ ಉಳಿದ ಸಾವಿರಾರು ಮಕ್ಕಳ ಕಷ್ಟ ರಿಸಲ್ಟ್ ಶೀಟಲ್ಲಿ ಇರ್ಲಿಲ್ಲ ಅನ್ನೋದೂ ಅದರಲ್ಲೇ ಇದೆಯಲ್ಲ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಕ್ಕಳಿಗೆ ಯಾವುದಾದ್ರೂ ಒಂದು ಮಾನಸಿಕ ತೊಂದರೆ ಇದೆ ಅಂತ ಬಂದಿತ್ತು. ನಲವತ್ತು ಮಕ್ಕಳ ಕ್ಲಾಸ್ ಅಂದ್ರೆ ಹತ್ತಿರ ಹತ್ತಿರ ಮೂರು ಮಕ್ಕಳಾಯ್ತು. ಅದು ಕಾಯಿಲೆ ಅನ್ನೋ ಮಟ್ಟಕ್ಕೆ ಮುಟ್ಟಿರೋರ ಲೆಕ್ಕ ಮಾತ್ರ. ಆ ಮಟ್ಟಕ್ಕೆ ಮುಟ್ಟದೆ ಒಳಗೊಳಗೇ ಸೊರಗ್ತಾ ಇರೋರನ್ನ ಯಾವ ಸಮೀಕ್ಷೆಯವರೂ ಎಣಿಸಿಲ್ಲ.

ಒಬ್ಬ ಹುಡುಗನ ವಿಷಯ ಹೇಳ್ತೀನಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ. ಎಂಟನೇ ಕ್ಲಾಸು. ಸೋಮವಾರ ಬಂತು ಅಂದ್ರೆ ಎರಡನೇ ಪೀರಿಯಡ್ಡಿಗೆ ಹೊಟ್ಟೆನೋವು, ಹೊಟ್ಟೆ ಹಿಡ್ಕೊಂಡು ಬೆಂಚಿಗೆ ತಲೆ ಕೊಟ್ಟು ಮಲಗಿಬಿಡೋನು. ಪಿಎಚ್‌ಸಿಲಿ ಗ್ಯಾಸಿನ ಮಾತ್ರೆ ಕೊಟ್ರು, ಮನೆಯವರು ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ರು, ಏನೂ ಇಲ್ಲ ಅಂತ ಬಂತು. ಏನೂ ಇಲ್ಲ ಅಂದ ಮೇಲೆ ಎಲ್ಲರೂ ಸೇರಿ ನಾಟಕ ಮಾಡ್ತಾನೆ, ಹೋಂವರ್ಕ್ ತಪ್ಪಿಸ್ಕೊಳ್ಳೋಕೆ ಅಂತ ತೀರ್ಮಾನ ಮಾಡಿದ್ರು. ಒಂದಿನ ಬಿಸಿಯೂಟ ಆಗಿ ನಲ್ಲಿ ಹತ್ರ ತಟ್ಟೆ ತೊಳೀತಾ ಇದ್ದ, ಉಳಿದ ಹುಡುಗ್ರೆಲ್ಲ ಆಟಕ್ಕೆ ಓಡಿದ್ರು, ಇವನೊಬ್ಬನೇ ತೊಳೆದ ತಟ್ಟೆನೇ ಮತ್ತೆ ಮತ್ತೆ ತೊಳೀತಾ ನಿಂತಿದ್ದ. ನಾನೂ ಟಿಫಿನ್ ಬಾಕ್ಸ್ ತೊಳೆಯೋಕೆ ಹೋದೋಳು, ಎಂತ ಆಯ್ತಾ, ಊಟ ಸೇರ್ಲಿಲ್ವನಾ ಅಂದೆ. ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ನಲ್ಲಿ ನೋಡ್ಕೊಂಡೇ ಹೇಳಿದ, 'ಮೇಡಂ, ಸೋಮವಾರ ಕಂತಿನೋರು ಬರ್ತಾರೆ. ಅಪ್ಪ ಅವತ್ತು ಬೆಳಿಗ್ಗೆನೇ ಎದ್ದು ತೋಟಕ್ಕೆ ಹೋಗಿಬಿಡ್ತಾರೆ. ವಾಪಸ್ ಬರ್ತಾರೋ ಇಲ್ವೋ ಅಂತ ಹೆದರಿಕೆ ಆಗತ್ತೆ.'

ಅಷ್ಟೇ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಫಸಲು ಹೋಗಿತ್ತು, ಮೇಲಿಂದ ಕೊಳೆ ರೋಗ. ಸಾಲದ ಮೇಲೆ ಸಾಲ. ಅಪ್ಪ ಅಮ್ಮ ರಾತ್ರಿ ಪಿಸುಪಿಸು ಮಾತಾಡ್ಕೊಂಡಿದ್ದನ್ನ ಮಗ ಕಂಬಳಿ ಒಳಗಿಂದ ಕೇಳಿಸ್ಕೊಂಡಿದಾನೆ. ಮಲೆನಾಡಲ್ಲಿ ಅಡಿಕೆ ತೋಟಕ್ಕೆ ರೋಗ ಬಂದ್ರೆ ತೋಟಗಾರಿಕೆ ಇಲಾಖೆಯವರು ಬರ್ತಾರೆ, ವಿಜ್ಞಾನಿಗಳು ಬರ್ತಾರೆ, ಪರಿಹಾರ ಕೊಡಿ ಅಂತ ಪ್ರತಿಭಟನೆ ಆಗತ್ತೆ, ಇದೆಲ್ಲ ಆಗಬೇಕಾದ್ದೇ. ಆದ್ರೆ ಅದೇ ಮನೆಲಿ ಕೂತು ಇದನ್ನೆಲ್ಲ ಕೇಳ್ತಾ ಇರೋ ಹದಿಮೂರು ವರ್ಷದ ಮಗುನ ನಿಂಗೆ ಹೆಂಗನಿಸ್ತಿದೆ ಅಂತ ಕೇಳೋಕೆ ಒಬ್ಬರೂ ಇಲ್ಲ.

ಆ ಹುಡುಗನ ವಿಷಯ ಮುಖ್ಯ ಶಿಕ್ಷಕರಿಗೆ (ಎಚ್‌ಎಂ) ಹೇಳಿದೆ, ಅವರು ಒಳ್ಳೆಯವರು, ತಾಯಿನ ಕರೆಸಿ ಮಾತಾಡಿದ್ರು. ತಾಯಿ ಅತ್ತರು, ಇಷ್ಟೆಲ್ಲ ಇವನ ತಲೇಲಿ ಇದೆ ಅಂತ ನಮಗೆ ಗೊತ್ತೇ ಇಲ್ಲ ಅಂದ್ರು. ಸ್ವಲ್ಪ ದಿನ ಆ ಹುಡುಗ ನನ್ನ ಹತ್ರ ಬಂದು ಬಂದು ಏನಾದ್ರೂ ಹೇಳ್ತಿದ್ದ, ಹೊಟ್ಟೆನೋವೂ ಕಡಿಮೆ ಆಗಿತ್ತು. ಅಷ್ಟೊತ್ತಿಗೆ ಮಾರ್ಚ್ ಬಂತು. ಅತಿಥಿ ಶಿಕ್ಷಕರ ಅವಧಿ ಮುಗೀತು. ಜೂನ್‌ನಲ್ಲಿ ಮತ್ತೆ ಅದೇ ಶಾಲೆಗೆ ತಗೋತಾರೆ ಅನ್ನೋ ಗ್ಯಾರಂಟಿ ನಮಗೆ ಯಾರಿಗೂ ಇರಲ್ಲ. ಒಂದು ಮಗು ಕಷ್ಟಪಟ್ಟು ಒಬ್ಬರ ಹತ್ರ ಬಾಯಿ ಬಿಡತ್ತೆ, ಅವರೇ ಮುಂದಿನ ವರ್ಷ ಇರಲ್ಲ ಅಂದ್ರೆ ಅದು ಇನ್ನೊಬ್ಬರ ಹತ್ರ ಬಾಯಿ ಬಿಡತ್ತಾ? ಮಕ್ಕಳ ಮಾತು ಕೇಳೋ ಕೆಲಸನ ಯಾವುದೋ ಮೇಡಂ ಟಿಫಿನ್ ಬಾಕ್ಸ್ ತೊಳೆಯೋ ಹೊತ್ತಿಗೆ ಬಿಡೋಕೆ ಆಗಲ್ಲ. ಅದಕ್ಕೇ ಅಂತಲೇ ಒಬ್ಬರು ಇರಬೇಕು.

ಶಾಲೆಗಳಲ್ಲಿ ಕಾರ್ಯಕ್ರಮ ಆಗ್ತಾ ಇಲ್ವಾ ಅಂತ ಕೇಳಬಹುದು. ಆಗ್ತಾ ಇದೆ. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ, ಅವತ್ತು ಇಲ್ಲಾ ಅದರ ಆಸುಪಾಸಲ್ಲಿ ಒಂದು ಅರಿವು ಕಾರ್ಯಕ್ರಮ. ಎಂಟು ಒಂಬತ್ತು ಹತ್ತು ಮೂರೂ ಕ್ಲಾಸಿನ ಮಕ್ಕಳನ್ನ ಒಂದೇ ಹಾಲಲ್ಲಿ ಕೂರಿಸ್ತೀವಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸೋದು, ಅತಿಥಿಗಳ ಪರಿಚಯ, ಇಷ್ಟಾಗೋ ಹೊತ್ತಿಗೆ ಮುಕ್ಕಾಲು ಗಂಟೆ. ಬಂದವರು ತಿಳ್ಕೊಂಡಿರೋರೇ, ಚೆನ್ನಾಗಿ ಮಾತಾಡ್ತಾರೆ, ಒತ್ತಡ ಅಂದ್ರೇನು, ಖಿನ್ನತೆ ಅಂದ್ರೇನು, ಮೊಬೈಲ್ ಎಷ್ಟು ನೋಡಬೇಕು ಅಂತ. ಕೊನೆಗೆ ಯಾರಿಗಾದ್ರೂ ಪ್ರಶ್ನೆ ಇದ್ರೆ ಕೇಳಿ ಅಂತಾರೆ. ಇಡೀ ಹಾಲು ಸುಮ್ನಿರತ್ತೆ. ಮೈಕ್ ಮುಂದೆ, ಮೇಷ್ಟ್ರುಗಳ ಮುಂದೆ, ಪಕ್ಕದಲ್ಲಿ ಕೂತ ಗೆಳತಿ ಮುಂದೆ ಎದ್ದು ನಿಂತು ನನಗೆ ರಾತ್ರಿ ನಿದ್ದೆ ಬರಲ್ಲ ಸಾರ್ ಅಂತ ಯಾವ ಮಗು ಹೇಳತ್ತೆ? ವಂದನಾರ್ಪಣೆ ಆಗತ್ತೆ, ಫೋಟೋ ತೆಗೀತೀವಿ, ವರದಿ ಕಳಿಸ್ತೀವಿ. ಬಂದವರ ಮೇಲೆ ನನಗೆ ಗೌರವ ಇದೆ, ದೂರದಿಂದ ಘಾಟಿ ರಸ್ತೆಲಿ ಬಂದಿರ್ತಾರೆ. ಆದ್ರೆ ಅವರು ಜೀಪು ಹತ್ತಿ ಹೋದ ಮೇಲೆ ಹಾಲಲ್ಲಿ ಕೂತಿದ್ದ, ಕ್ಲಾಸಿಗೆ ಮೂರರ ಲೆಕ್ಕದ ಆ ಮಕ್ಕಳಿಗೆ ಏನಾಯ್ತು ಅನ್ನೋದೇ ನನ್ನ ಪ್ರಶ್ನೆ.

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಲೂ ಇಬ್ಬರು ಶಿಕ್ಷಕರು, ಆದಷ್ಟು ಒಬ್ಬರು ಗಂಡಸರು ಒಬ್ಬರು ಹೆಂಗಸರು, ಆರೋಗ್ಯ ರಾಯಭಾರಿಗಳಾಗಿ ತರಬೇತಿ ತಗೊಂಡು ವಾರಕ್ಕೊಂದು ಗಂಟೆ ಮಕ್ಕಳಿಗೆ ಹೇಳಿಕೊಡಬೇಕು ಅಂತ ಇದೆ. 2020ರ ಫೆಬ್ರವರಿಲಿ ಅದರ ಪಠ್ಯ ಬಿಡುಗಡೆ ಆಯ್ತು, ಹನ್ನೊಂದು ವಿಷಯ, ಅದರಲ್ಲಿ ಭಾವನೆಗಳು ಮತ್ತೆ ಮಾನಸಿಕ ಆರೋಗ್ಯನೂ ಒಂದು. ಮುಂದಿನ ತಿಂಗಳೇ ಕೊರೊನಾ ಬಂದು ಶಾಲೆಗಳೇ ಮುಚ್ಚಿದ್ವು, ಅದು ಬೇರೆ ಮಾತು. ಪಠ್ಯ ಒಳ್ಳೇದೇ ಇದೆ. ಆದ್ರೆ ವಾರಕ್ಕೊಂದು ಗಂಟೆ ಯಾರು ತಗೋಬೇಕು? ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಮಕ್ಕಳ ವಿವರ ಕಂಪ್ಯೂಟರಿಗೆ ಹಾಕೋ ಸ್ಯಾಟ್ಸ್ ಎಂಟ್ರಿ, ವಿದ್ಯಾರ್ಥಿವೇತನದ ಅರ್ಜಿ, ಚುನಾವಣೆ ಬಂದ್ರೆ ಮತದಾರರ ಪಟ್ಟಿ ನೋಡೋ ಬಿಎಲ್‌ಓ ಕೆಲಸ. 2025ರಲ್ಲಿ ಜಾತಿ ಸಮೀಕ್ಷೆಗೆ ಅಂತ ದಸರಾ ರಜೆನ ಅಕ್ಟೋಬರ್ 18ರ ತನಕ ಎಳೆದ್ರು, ಮೇಷ್ಟ್ರುಗಳು ಮೊಬೈಲ್ ಹಿಡ್ಕೊಂಡು ನೆಟ್‌ವರ್ಕ್ ಹುಡುಕ್ತಾ ಗುಡ್ಡ ಹತ್ತಿದ್ರು. ವಾಪಸ್ ಬಂದು ಸಿಲಬಸ್ ಮುಗಿಸೋ ಅವಸರ. ಅಂಥವರ ತಲೆ ಮೇಲೆ ಇದನ್ನೂ ಹೊರಿಸಿದ್ರೆ ಅದು ರಿಜಿಸ್ಟರಲ್ಲಿ ಮಾತ್ರ ನಡೆಯತ್ತೆ. ಇದು ಶಿಕ್ಷಕರ ಮೇಲಿನ ದೂರಲ್ಲ, ಅವರ ಪರವಾಗಿ ಹೇಳ್ತಿರೋದು.

ಇನ್ನೊಂದು ಕಾರಣನೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಮಾರ್ಕ್ಸ್ ಕೊಡೋರು ನಾವು, ಬೈಯೋರು ನಾವು, ಪೋಷಕರ ಸಭೆಲಿ ದೂರು ಹೇಳೋರೂ ನಾವೇ. ಎಫ್‌ಎ ಟೆಸ್ಟಲ್ಲಿ ಎಂಟು ಮಾರ್ಕ್ಸ್ ಬಂತು ಅಂತ ಬೆಳಿಗ್ಗೆ ಎಲ್ಲರ ಮುಂದೆ ನಿಲ್ಲಿಸಿದ ಟೀಚರ್ ಹತ್ರಾನೇ ಮಧ್ಯಾಹ್ನ ಬಂದು ಮನೆ ಕಷ್ಟ ಹೇಳ್ಕೋ ಅಂದ್ರೆ ಆಗತ್ತಾ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದಾರೆ, ಎಪ್ಪತ್ನಾಲ್ಕು ಶಾಲೆ, ಒಂಬತ್ತನೇ ಕ್ಲಾಸಿನ ಮಕ್ಕಳು. ಕೆಲವು ಶಾಲೆಗಳಲ್ಲಿ ಒಬ್ಬ ಶಿಕ್ಷಕರಿಗೇ ತರಬೇತಿ ಕೊಟ್ಟು ಕಾರ್ಯಕ್ರಮ ನಡೆಸಿದ್ರು. ಇನ್ನು ಕೆಲವು ಶಾಲೆಗಳಿಗೆ ಅದಕ್ಕೇ ಅಂತ ಹೊರಗಿನಿಂದ ಒಬ್ಬರನ್ನ ಹಾಕಿದ್ರು, ಅವರು ಡಾಕ್ಟರೂ ಅಲ್ಲ ದೊಡ್ಡ ಸೈಕಾಲಜಿಸ್ಟೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಉಳಿದ ಶಾಲೆಗಳಲ್ಲಿ ಇದ್ದಂಗೇ ಬಿಟ್ರು. ಎಂಟು ತಿಂಗಳಾದ ಮೇಲೆ ನೋಡಿದ್ರೆ ಹೊರಗಿನಿಂದ ಒಬ್ಬರು ಬಂದಿದ್ದ ಶಾಲೆಗಳಲ್ಲಿ ಮಕ್ಕಳಿಗೆ ಶಾಲೆ ನಮ್ಮದು ಅನ್ನೋ ಭಾವನೆ ಜಾಸ್ತಿ ಆಗಿತ್ತು, ಖಿನ್ನತೆ ಲಕ್ಷಣ ಇಳಿದಿತ್ತು, ಒಬ್ಬರನ್ನೊಬ್ಬರು ಪೀಡಿಸೋದು ಹೊಡೆದಾಡೋದು ಕಡಿಮೆ ಆಗಿತ್ತು. ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. 2018ರ ಕೊನೇಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಇದು ಬಂತು. ಕಾರ್ಯಕ್ರಮ ಅದೇ, ನಡೆಸಿದವರು ಬೇರೆ, ಅಷ್ಟರಲ್ಲೇ ಇಷ್ಟು ವ್ಯತ್ಯಾಸ. ಅವರು ಮಾಡಿದ್ದೂ ನಮ್ಮ ಕೈಗೆ ಎಟುಕದ ಕೆಲಸ ಅಲ್ಲ, ಮಕ್ಕಳು ಹೆಸರು ಬರೀದೆ ಚೀಟಿ ಹಾಕೋ ಪೆಟ್ಟಿಗೆ, ಗೋಡೆ ಪತ್ರಿಕೆ, ಪ್ರಾರ್ಥನೆ ಹೊತ್ತಲ್ಲಿ ಮಾತು, ಮಕ್ಕಳ ಗುಂಪು, ಬೇಕಾದವರಿಗೆ ಒಬ್ಬೊಬ್ಬರಿಗೇ ಕೂತು ಮಾತಾಡೋ ಅವಕಾಶ.

ಈಗ ಕಾನೂನಿನ ವಿಷಯ. ವಿಶಾಖಪಟ್ಟಣದಲ್ಲಿ ನೀಟ್ ತಯಾರಿ ಮಾಡ್ತಿದ್ದ ಹದಿನೇಳು ವರ್ಷದ ಹುಡುಗಿ ತೀರಿಕೊಂಡ ಕೇಸಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ಕ್ಕೆ ಹದಿನೈದು ಮಾರ್ಗಸೂಚಿ ಕೊಟ್ಟಿದೆ, ಸರ್ಕಾರ ಇದಕ್ಕೆ ಸರಿಯಾದ ಕಾಯ್ದೆ ತರೋ ತನಕ ಅದನ್ನೇ ಎಲ್ಲರೂ ಪಾಲಿಸಬೇಕು ಅಂತ ಹೇಳಿದೆ. ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಎಲ್ಲದಕ್ಕೂ. ಮಾರ್ಕ್ಸ್ ನೋಡಿ ಮಕ್ಕಳನ್ನ ಬೇರೆ ಬೇರೆ ಬ್ಯಾಚ್ ಮಾಡಬೇಡಿ, ಎಲ್ಲರ ಮುಂದೆ ಅವಮಾನ ಮಾಡಬೇಡಿ, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲನಾದ್ರೂ ತರಬೇತಿ ಕೊಡಿ, ಸಹಾಯವಾಣಿ ನಂಬರನ್ನ ದೊಡ್ಡ ಅಕ್ಷರದಲ್ಲಿ ಹಾಕಿ ಅಂತೆಲ್ಲ ಇದೆ. ಮುಖ್ಯವಾಗಿ ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಸಂಸ್ಥೆಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದ್ರೂ ಇರಲೇಬೇಕು, ನೂರಕ್ಕಿಂತ ಕಡಿಮೆ ಇದ್ರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಕೋಬೇಕು ಅಂತ.

ನೂರು ಮಕ್ಕಳು! ಶಿವಮೊಗ್ಗ ಸಿಟಿಲಿ, ಭದ್ರಾವತಿಲಿ ಅದು ಒಂದೇ ಕ್ಲಾಸಿನ ಎರಡು ಸೆಕ್ಷನ್. ನಗರ, ನಿಟ್ಟೂರು, ಆಗುಂಬೆ, ಮೇಗರವಳ್ಳಿ, ತುಮರಿ, ಬ್ಯಾಕೋಡು ಕಡೆ ಬಂದು ನೋಡಿ. ಹತ್ತು ಮಕ್ಕಳ ಶಾಲೆ ಇದೆ, ಎರಡೇ ಟೀಚರ್ ಇರೋ ಶಾಲೆ ಇದೆ, ಪ್ರೌಢಶಾಲೆಗಳಲ್ಲೂ ನೂರು ದಾಟದೇ ಇರೋವು ಎಷ್ಟೋ ಇವೆ, ಊರಲ್ಲಿ ಹುಡುಗ್ರೇ ಇಲ್ಲ, ವಯಸ್ಸಿನೋರೆಲ್ಲ ಬೆಂಗಳೂರಲ್ಲಿ. ಹಂಗಾಗಿ ಕೋರ್ಟಿನ ಆದೇಶ ಚಾಚೂ ತಪ್ಪದೆ ಪಾಲಿಸಿದ್ರೂ ನಮ್ಮ ಮಕ್ಕಳ ಪಾಲಿಗೆ ಬರೋದು ಹೊರಗಿನ ತಜ್ಞರ ಸಂಪರ್ಕ, ಅಂದ್ರೆ ಆಫೀಸ್ ಗೋಡೆ ಮೇಲೆ ಒಂದು ಫೋನ್ ನಂಬರ್. ಬೇರೆ ಯಾರಿಗಿಂತ ಹೆಚ್ಚಾಗಿ ಒಬ್ಬರ ಜೊತೆ ಬೇಕಾಗಿರೋದು ಈ ಮಕ್ಕಳಿಗೇ ಅಂತ ನಾನು ಹೇಳ್ತೀನಿ.

ಯಾಕೆ ಅಂತೀರಾ, ನಮ್ಮ ಕಡೆ ಒಂಟಿಮನೆ ಜಾಸ್ತಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದ್ರೂ ಕೇಳಲ್ಲ. ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಮರ ಬಿದ್ದು ಲೈನ್ ಹೋಗತ್ತೆ, ಕರೆಂಟಿಲ್ಲ, ಟವರ್ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕೂ ಇಲ್ಲ. ಮಳೆ ರಜೆ ಅಂತ ಪೇಟೆ ಮಕ್ಕಳು ಖುಷಿ ಪಡಬಹುದು, ಇಲ್ಲಿ ಕೆಲವು ಮಕ್ಕಳಿಗೆ ರಜೆ ಅಂದ್ರೆ ಕುಡಿದು ಬಂದ ಅಪ್ಪನ ಜೊತೆ ಬಾಗಿಲು ಹಾಕಿದ ಮನೆಲಿ ದಿನಗಟ್ಟಲೆ ಕೂತಿರೋದು. ಶಾಲೆ ಶುರುವಾದ ದಿನ ಯಾರು ಹೆಂಗೆ ಬರ್ತಾರೆ ಅಂತ ನೋಡಿದ್ರೆ ಗೊತ್ತಾಗತ್ತೆ. ಓದೋಕೆ ಅಂತ ನೆಂಟರ ಮನೆಲಿ ಇರೋ ಮಕ್ಕಳದ್ದು ಇನ್ನೊಂದು ಕತೆ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ದಿನಾ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ನೀಟಾಗಿ ಬರ್ತಿದ್ದೋಳು ತಲೆ ಬಾಚದೆ ಬರೋಕೆ ಶುರು ಮಾಡಿದ್ಲು, ನೋಟ್ಸಲ್ಲಿ ಡೇಟ್ ಮಾತ್ರ ಬರೆದು ಕೆಳಗೆ ಖಾಲಿ ಬಿಡ್ತಿದ್ಲು. ಕೇಳಿದ್ರೆ ಏನಿಲ್ಲ ಮೇಡಂ. ಅಷ್ಟೇ ಉತ್ತರ. ಅವಳಿಗೆ ಏನಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅರ್ಧ ವರ್ಷಕ್ಕೇ ಟಿಸಿ ತಗೊಂಡು ಹೋದ್ಲು. ಕೌನ್ಸೆಲರ್ ಇದ್ದಿದ್ರೆ ಅವರಿಗೆ ಹೇಳ್ತಿದ್ಲಾ? ಹೇಳ್ತಿದ್ಲೇನೋ, ಹೇಳ್ದೇನೂ ಇರಬಹುದಿತ್ತು. ಆದ್ರೆ ಕೇಳೋಕೆ ಟೈಮ್ ಇರೋರು, ಹೆಂಗೆ ಕೇಳಬೇಕು ಅಂತ ಕಲಿತಿರೋರು ಒಬ್ಬರು ಅವಳ ಎದುರು ಕೂತಿರ್ತಿದ್ರು.

ವಸತಿ ಶಾಲೆ ಮಕ್ಕಳನ್ನೂ ಮರೀಬಾರದು. ಮೊರಾರ್ಜಿ ಶಾಲೆಗೆ ಆರನೇ ಕ್ಲಾಸಿಗೇ ಸೇರ್ತಾರೆ, ಹನ್ನೊಂದು ಹನ್ನೆರಡು ವರ್ಷ, ಮೊದಲ ಸಲ ಅಮ್ಮನ ಬಿಟ್ಟು ಮಲಗೋದು. ಅದೂ ಸರಿಯಾಗಿ ಮಳೆಗಾಲದಲ್ಲಿ. ಅಡ್ಮಿಷನ್ ಸಿಕ್ತು ಅಂತ ಮನೆಲಿ ಸಿಹಿ ಹಂಚಿರ್ತಾರೆ, ಅದು ಸಂತೋಷದ ವಿಷಯನೇ, ಆ ಸೀಟಿಂದ ಎಷ್ಟೋ ಬಡ ಮಕ್ಕಳ ಬದುಕು ಬದಲಾಗಿದೆ. ಆದ್ರೆ ಜೂನ್ ಜುಲೈ ಎರಡು ತಿಂಗಳು ಆ ಮಕ್ಕಳ ಜೊತೆ ರಾತ್ರಿ ಹೊತ್ತು ಇರೋ ವಾರ್ಡನ್‌ಗೆ, ಅಡುಗೆಯವರಿಗೆ, ವಾಚ್‌ಮನ್‌ಗೆ ಮೊದಲು ತರಬೇತಿ ಕೊಡಬೇಕು. ಮಗು ಅಳೋದನ್ನ ಮೊದಲು ಕೇಳೋರು ಅವರೇ.

ಹಂಗಾದ್ರೆ ಏನು ಮಾಡಬೇಕು ಅಂದ್ರೆ, ಶಾಲೆ ಲೆಕ್ಕ ಬಿಟ್ಟು ಕ್ಲಸ್ಟರ್, ಅಂದ್ರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಲೆಕ್ಕ ಹಿಡೀರಿ. ಈಗಾಗ್ಲೇ ಪ್ರತಿ ಕ್ಲಸ್ಟರ್‌ಗೆ ಒಬ್ಬರು ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದಾರೆ, ಶಾಲೆಯಿಂದ ಶಾಲೆಗೆ ಓಡಾಡ್ತಾರೆ. ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರು ಇದಾರೆ, ನಡೆಯೋಕಾಗದ ಮಗುವಿನ ಮನೆಗೇ ಹೋಗಿ ಕಲಿಸ್ತಾರೆ, ಅವರು ಮಾಡೋ ಕೆಲಸ ನೋಡಿದ್ರೆ ಕೈ ಮುಗಿಬೇಕು ಅನ್ಸತ್ತೆ. ಅದೇ ಥರ ಕ್ಲಸ್ಟರ್‌ಗೊಬ್ಬರು ಮಕ್ಕಳ ಆಪ್ತ ಸಮಾಲೋಚಕರು. ಸೋಮವಾರ ಈ ಶಾಲೆ, ಮಂಗಳವಾರ ಆ ಶಾಲೆ ಅಂತ ದಿನ ಗೊತ್ತು ಮಾಡಿ. ಅದೇ ದಿನ ಬರಬೇಕು, ಅವರೇ ಬರಬೇಕು, ತಪ್ಪಬಾರದು. ಕಬ್ಬಿಣಾಂಶದ ನೀಲಿ ಮಾತ್ರೆನ ವಾರಕ್ಕೊಂದು ಸಲ ಶಾಲೆಲೇ ನುಂಗಿಸ್ತೀವಿ, ಫೆಬ್ರವರಿ ಆಗಸ್ಟ್‌ನಲ್ಲಿ ಜಂತುಹುಳದ ಮಾತ್ರೆ ಕೊಡ್ತೀವಿ, ಕಣ್ಣು ಹಲ್ಲು ಹೃದಯ ನೋಡೋಕೆ ಆರ್‌ಬಿಎಸ್‌ಕೆ ಡಾಕ್ಟರು ವರ್ಷಕ್ಕೊಂದು ಸಲ ಗಾಡಿ ತಗೊಂಡು ಬರ್ತಾರೆ. ಎಂಥಾ ಮೂಲೆ ಶಾಲೆಗೂ ಇದೆಲ್ಲ ಮುಟ್ಟತ್ತೆ, ಇದೊಂದು ಮಾತ್ರ ಮುಟ್ಟಲ್ಲ ಅನ್ನೋಕೆ ಕಾರಣ ಇಲ್ಲ.

ಜನ ಎಲ್ಲಿಂದ ತರೋದು ಅಂತ ಕೇಳ್ತಾರೆ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮಾಡ್ಕೊಂಡು, ಸೈಕಾಲಜಿ ಓದ್ಕೊಂಡು ಮದುವೆಯಾಗಿ ತೋಟದ ಮನೆಲಿ ಇರೋ ಹೆಣ್ಣುಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಇದಾರೆ, ಸ್ಕೂಟಿ ಓಡಿಸ್ತಾರೆ, ಇಲ್ಲಿನ ಭಾಷೆ ಗೊತ್ತು, ಯಾವ ಮನೆ ಎಲ್ಲಿ ಅಂತ ಗೊತ್ತು. ಅವರಿಗೆ ಸರಿಯಾದ ತರಬೇತಿ, ಮೇಲಿಂದ ನೋಡ್ಕೊಳ್ಳೋಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರು, ಕೈಗೆ ಮರ್ಯಾದೆಯ ಸಂಬಳ. ಸಂಬಳದ ವಿಷಯ ಒತ್ತಿ ಹೇಳ್ತೀನಿ, ಅತಿಥಿ ಶಿಕ್ಷಕರಿಗೆ ಕೊಡೋ ಥರ ತಿಂಗಳುಗಟ್ಟಲೆ ಬಾಕಿ ಇಟ್ಟು, ಮಾರ್ಚ್‌ಗೆ ಮನೆಗೆ ಕಳಿಸಿದ್ರೆ ಇದು ನಡೆಯಲ್ಲ. ಈ ಕೆಲಸದಲ್ಲಿ ಮುಖ್ಯವಾದದ್ದೇ ಒಂದೇ ಮುಖ ವರ್ಷಾನುಗಟ್ಟಲೆ ಮಕ್ಕಳ ಕಣ್ಣಿಗೆ ಬೀಳೋದು.

ಅವರು ಬಂದು ಮಾಡೋದೇನು ಅಂದ್ರೆ, ಒಂದು ಪೀರಿಯಡ್ ಎಲ್ಲಾ ಮಕ್ಕಳ ಜೊತೆ. ಸಿಟ್ಟು ಬಂದಾಗ ಏನು ಮಾಡಬೇಕು, ಯಾರಾದ್ರೂ ಬಲವಂತ ಮಾಡಿದ್ರೆ ಹೆಂಗೆ ಬೇಡ ಅನ್ಬೇಕು, ಗೆಳೆಯ ಸಪ್ಪಗಿದ್ರೆ ಹೆಂಗೆ ಮಾತಾಡಿಸಬೇಕು, ಇದೆಲ್ಲ ಜೀವನ ಕೌಶಲ ಅಂತ ನಿಮ್ಹಾನ್ಸ್‌ನವರು ಎಷ್ಟೋ ವರ್ಷದ ಹಿಂದೆನೇ ಶಾಲೆಗಳಿಗೆ ಅಂತ ಪಾಠ ಮಾಡಿಟ್ಟಿದಾರೆ. ಎಲ್ಲರ ಜೊತೆ ಮಾಡೋದ್ರಿಂದ ಇನ್ನೊಂದು ಉಪಕಾರ ಇದೆ, ಆ ಮೇಡಂ ಹತ್ರ ಹೋದೋರಿಗೆಲ್ಲ 'ಮೆಂಟಲ್' ಅನ್ನೋ ಹೆಸರು ಬರಲ್ಲ. ಆಮೇಲೆ ಉಳಿದ ಹೊತ್ತು ಒಂದು ಕೋಣೆ, ಬಾಗಿಲು ಅರ್ಧ ತೆಗೆದಿರಲಿ, ಒಳಗಿನ ಮಾತು ಹೊರಗೆ ಕೇಳಬಾರದು. ನಮ್ಮ ಶಾಲೆಗಳಲ್ಲಿ ಖಾಲಿ ಕೋಣೆಗೇನೂ ಬರ ಇಲ್ಲ. ಮಗು ಹೇಳಿದ್ದು ಸ್ಟಾಫ್ ರೂಮಿಗೆ ಬರಬಾರದು, ಇದು ಕಟ್ಟುನಿಟ್ಟು. ಮಗುವಿನ ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ಅದರ ಮೈ ಮುಟ್ಟಿ ಹಿಂಸೆ ಮಾಡ್ತಿದ್ರೆ ಮಾತ್ರ ಗುಟ್ಟು ಇಟ್ಕೊಳ್ಳೋ ಹಂಗಿಲ್ಲ, ಲೈಂಗಿಕ ಹಿಂಸೆ ಆಗಿದ್ರೆ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಅದನ್ನ ಮೊದಲ ದಿನನೇ ಮಕ್ಕಳಿಗೂ ಹೇಳಿರಬೇಕು.

ಡಾಕ್ಟರ್ ಬೇಕು ಅನ್ಸಿದ್ರೆ ಮುಂದಿನ ದಾರಿ ಈಗಾಗ್ಲೇ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಬಳ್ಳಾರಿ ಜಿಲ್ಲೆಲಿ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದನ್ನ ನೋಡಿನೇ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿದ್ದು, 1996ರಲ್ಲಿ. ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಆದ್ರೆ ಶಾಲೆ ಬೆಂಚಿಂದ ತಾಲ್ಲೂಕು ಆಸ್ಪತ್ರೆ ತನಕ ಮಗುನ ಕೈ ಹಿಡಿದು ಕರ್ಕೊಂಡು ಹೋಗೋ ಒಬ್ಬರು ಇಲ್ಲ, ಅಲ್ಲೇ ತುಂಡಾಗಿರೋದು.

ಸಹಾಯವಾಣಿ ಬಗ್ಗೆನೂ ಹೇಳಿಬಿಡ್ತೀನಿ. ಟೆಲಿ ಮನಸ್, 14416, 2022ರ ಅಕ್ಟೋಬರ್ 10ರಿಂದ ನಡೀತಿದೆ, ದುಡ್ಡು ಖರ್ಚಾಗಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಪ್ರತಿ ಮನೆಯವರೂ ಬರೆದಿಟ್ಕೋಬೇಕು, ದೊಡ್ಡವರಿಗೂ ಆಗತ್ತೆ. ಶಾಲೆಲಿ ಇದನ್ನ ಎಚ್‌ಎಂ ಕೋಣೆಲಿ ಅಂಟಿಸೋದಲ್ಲ, ನಲ್ಲಿ ಹತ್ರ, ಹುಡುಗಿಯರ ಟಾಯ್ಲೆಟ್ ಗೋಡೆ ಮೇಲೆ, ಬಸ್ ಸ್ಟಾಪಲ್ಲಿ ಬರೆಸಿ, ಯಾರೂ ನೋಡದೆ ಇರೋವಾಗ ಮಗು ಓದ್ಕೊಳ್ಳೋ ಜಾಗದಲ್ಲಿ. ಆದ್ರೆ ಫೋನ್ ಇದ್ರೆ ಕೌನ್ಸೆಲರ್ ಯಾಕೆ ಅನ್ನೋರಿಗೆ ನಾನು ಕೇಳೋದು ಇಷ್ಟೇ, ಎಂಟನೇ ಕ್ಲಾಸಿನ ಹುಡುಗನ ಹತ್ರ ಸ್ವಂತ ಫೋನಿದೆಯಾ, ಅಪ್ಪನ ಫೋನ್ ತಗೊಂಡು ಅಪ್ಪನ ಬಗ್ಗೆನೇ ಹೇಳೋಕಾಗತ್ತಾ, ಸಿಗ್ನಲ್ ಸಿಗೋಕೆ ಗುಡ್ಡದ ತುದಿಗೆ ಹೋಗಬೇಕಾದ ಊರಲ್ಲಿ ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ ಹೋಗತ್ತೆ.

ಪೋಷಕರಿಗೆ ಒಂದು ಮಾತು. ಮಗು ಸಪ್ಪಗಿದೆ ಅಂದ್ರೆ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸ್ತೀರಿ, ನಿಮಿತ್ತ ಕೇಳ್ತೀರಿ, ದೇವರಿಗೆ ಹೇಳ್ಕೋತೀರಿ. ಹೇಳ್ಕೊಳ್ಳಿ, ನಾನೂ ದೇವರನ್ನ ನಂಬೋಳೇ. ಅದರ ಜೊತೆಗೆ ಆಸ್ಪತ್ರೆಗೂ ಕರ್ಕೊಂಡು ಹೋಗಿ. ಹುಡುಗಿ ಆದ್ರೆ ನಾಳೆ ಮದುವೆ ಮಾಡಬೇಕು, ಹೆಸರು ಕೆಡತ್ತೆ ಅಂತ ಮುಚ್ಚಿಡೋದು ಇನ್ನೂ ಜಾಸ್ತಿ, ಮುಚ್ಚಿಟ್ಟಿದ್ದು ವಾಸಿ ಆಗಲ್ಲ, ಬೆಳೆಯತ್ತೆ. ನಮ್ಮ ಶಿಕ್ಷಕ ಬಂಧುಗಳಿಗೂ ಒಂದು ವಿನಂತಿ, ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಬೇಕಾದಷ್ಟೇ ಪಾಠ) ಮಕ್ಕಳು ಅಂತ ಕೆಲವರನ್ನ ಬೇರೆ ಕೂರಿಸಿ, ಆ ಹೆಸರಿಂದಲೇ ಕರೆಯೋದು ಬಿಡಿ. ಅವರಿಗೆ ಹೆಚ್ಚಿಗೆ ಹೇಳಿಕೊಡಿ, ಹೆಸರು ಇಡಬೇಡಿ. ಕಡ್ಡಾಯ ಶಿಕ್ಷಣ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಹೊಡೆಯೋದರ ಜೊತೆಗೆ ಮಾನಸಿಕ ಕಿರುಕುಳನೂ ನಿಷೇಧ ಅಂತ 2009ರಿಂದಲೇ ಇದೆ.

ಹಾಗಾಗಿ ಜಿಲ್ಲೆಯ ಶಾಸಕರು, ಸಂಸದರು, ಉಸ್ತುವಾರಿ ಸಚಿವರು, ಶಿಕ್ಷಣ ಮತ್ತೆ ಆರೋಗ್ಯ ಎರಡೂ ಇಲಾಖೆ ಅಧಿಕಾರಿಗಳಲ್ಲಿ ನನ್ನ ಕೋರಿಕೆ. ಎರಡು ಇಲಾಖೆ ಅಂತ ಯಾಕೆ ಹೇಳ್ತೀನಿ ಅಂದ್ರೆ ಮಗು ಶಾಲೆಲಿದ್ರೆ ಅವರದ್ದು, ಆಸ್ಪತ್ರೆಲಿದ್ರೆ ಇವರದ್ದು ಅಂತ ಫೈಲು ಮಧ್ಯದಲ್ಲೇ ನಿಲ್ಲತ್ತೆ, ಒಟ್ಟಿಗೆ ಕೂತು ತೀರ್ಮಾನ ಮಾಡಿ. ಎಲ್ಲಾ ತಾಲ್ಲೂಕಿಗೂ ಒಂದೇ ಸಲ ಆಗಲ್ಲ ಅಂದ್ರೆ ಹೊಸನಗರ, ತೀರ್ಥಹಳ್ಳಿ, ಸಾಗರ ಈ ಮೂರು ತಾಲ್ಲೂಕಿನ ಚಿಕ್ಕ ಶಾಲೆಗಳಿಂದ ಶುರು ಮಾಡಿ. ಶರಾವತಿ ಹಿನ್ನೀರಿಗೆ ಸೇತುವೆ ಬೇಕು ಅಂತ ತುಮರಿ ಕಡೆ ಜನ ದಶಕಗಟ್ಟಲೆ ಕೇಳಿ ಕೇಳಿ 2025ರ ಜುಲೈಲಿ ಅದು ಆಯ್ತು. ಮಕ್ಕಳಿಗೆ ಅಷ್ಟು ವರ್ಷ ಕಾಯೋಕೆ ಆಗಲ್ಲ, ಎಂಟನೇ ಕ್ಲಾಸಿನ ಮಗು ಮೂರೇ ವರ್ಷಕ್ಕೆ ಶಾಲೆ ಬಿಟ್ಟು ಹೋಗತ್ತೆ. ಪೋಷಕರು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಲಿ ಇದನ್ನ ಠರಾವು ಮಾಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಓ) ಕಳಿಸಿ, ನವೆಂಬರ್‌ನ ಮಕ್ಕಳ ಗ್ರಾಮಸಭೆಲಿ ಮಕ್ಕಳ ಬಾಯಿಂದಲೇ ಕೇಳಿಸಿ. ಅತಿಥಿ ಶಿಕ್ಷಕರ ನೇಮಕದ ಆದೇಶ ಶಾ‌ಲೆ ಶುರುವಾಗೋ ಹೊತ್ತಿಗೆ ಬರತ್ತೆ, ಅದೇ ಆದೇಶದ ಜೊತೆಗೆ ಕ್ಲಸ್ಟರ್‌ಗೊಬ್ಬರು ಸಮಾಲೋಚಕರ ಆದೇಶನೂ ಬರಲಿ, ಅವರಿಗೆ ಮಾರ್ಚ್‌ಗೆ ಕೊನೆ ಅನ್ನೋ ಷರತ್ತು ಮಾತ್ರ ಹಾಕಬೇಡಿ.

ಇತಿ,
ಒಬ್ಬ ಅತಿಥಿ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ